‘ಮುದುಕರು’ ಅಂದರೆ ಯಾರು ಸರ್?

ನಮಸ್ಕಾರ ಸರ್,

ನಿಮ್ಮ ಹಸ್ತಪ್ರತಿ ಕೈಸೇರಿ ಐದು ವಾರವಾಯಿತು. ಉತ್ತರ ಬರೆಯಲು ತಡ ಮಾಡಿದ್ದಕ್ಕೆ ಕ್ಷಮಿಸಿ. ಮೊದಲ ಸಲ ಎಲ್ಲವನ್ನೂ ಒಂದೇ ಉಸಿರಿಗೆ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು, ದಿನಕ್ಕೆ ಇಪ್ಪತ್ತು ಸಾಲಿನ ಹಾಗೆ, ಒಂದು ವಾರ ಓದಿದೆ. ಇಂಥ ಬರಹವನ್ನು ಹಾಗೆಯೇ ಓದಬೇಕು. ಎಲ್ಲ ಒಟ್ಟಿಗೆ ಓದಿದರೆ ಒಳ್ಳೆಯ ಸಾಲು ಅಕ್ಕಪಕ್ಕದ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಜಂಭ, ಮುಪ್ಪು, ಮನುಷ್ಯನ ಸ್ವಭಾವ ಇವುಗಳ ಮೇಲೆ 140 ಚಿಕ್ಕ ಮಾತುಗಳನ್ನು ಕಳಿಸಿದ್ದೀರಿ. ಒಂದೊಂದು ಸಾಲು, ಹೆಚ್ಚೆಂದರೆ ಎರಡು. ಅದಕ್ಕೂ ಮುಂಚೆ ಅಹಂಕಾರದ ಬಗ್ಗೆ ಆರು ಪುಟದ ಪ್ರಬಂಧ ಇಟ್ಟಿದ್ದೀರಿ. ನಿಮಗೆ 64 ವರ್ಷ, ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು, ಗೆಳೆಯರೆಲ್ಲ ಓದಿ ನಕ್ಕಿದ್ದಾರೆ, ‘ಮುಚ್ಚುಮರೆ ಇಲ್ಲದೆ ಹೇಳಿ’ ಅಂತ ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ಆ ಕೊನೆಯ ಮಾತನ್ನು ನಂಬಿಕೊಂಡೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. 140ರಲ್ಲಿ ನಾನು ಗುರುತು ಹಾಕಿಕೊಂಡಿದ್ದು 19. ಕಡಿಮೆ ಅನ್ನಿಸಬಹುದು. ಆದರೆ ಈ 19ರಲ್ಲಿ ಮೂರ್ನಾಲ್ಕು ಸಾಲು ನಾನು ಎಷ್ಟೋ ತಿಂಗಳಿಂದ ಓದಿದ್ದರಲ್ಲೇ ಬಹಳ ಒಳ್ಳೆಯವು. ಅವನ್ನು ಬರೆದ ಕೈ ಉಳಿದ 121ನ್ನು ಯಾಕೆ ಬರೆಯಿತು ಅನ್ನುವುದೇ ನನ್ನನ್ನು ಕಾಡಿದ ಪ್ರಶ್ನೆ.

ಮೊದಲು ಆ ಆರು ಪುಟದ ವಿಷಯ ಮುಗಿಸಿಬಿಡುತ್ತೇನೆ. ಅದನ್ನು ಪೂರ್ತಿ ತೆಗೆಯಿರಿ. ಕಷ್ಟಪಟ್ಟು ಬರೆದಿದ್ದೀರಿ ಅಂತ ಗೊತ್ತಾಗುತ್ತದೆ, ತಪ್ಪೂ ಏನಿಲ್ಲ. ಆದರೆ ಮುಂದೆ ಬರುವ ಒಂದೊಂದು ಸಾಲೂ ಓದುಗನನ್ನು ತಟ್ಟನೆ ಹಿಡಿಯಬೇಕು. ಆರು ಪುಟ ಪೀಠಿಕೆ ಓದಿದವನು ಆಗಲೇ ಹುಷಾರಾಗಿ ಕೂತಿರುತ್ತಾನೆ. ನಿಮಗಿಂತ ಮುಂಚೆ ಇದೇ ಜಾಡಿನಲ್ಲಿ ನಡೆದ ಫ್ರೆಂಚ್ ಲೇಖಕ ಲಾ ರೋಶ್‌ಫುಕೋ ಕೂಡ ಇದನ್ನೇ ಮಾಡಿದ್ದರು. ಅವರ ಪುಸ್ತಕದ 1665ರ ಮೊದಲ ಮುದ್ರಣದಲ್ಲಿ, ಮನುಷ್ಯನಿಗೆ ತನ್ನ ಮೇಲೆ ತನಗಿರುವ ಮೋಹದ ಬಗ್ಗೆ ಉದ್ದದ ಒಂದು ಬರಹ ಎಲ್ಲಕ್ಕಿಂತ ಮೊದಲು ಇತ್ತು. ಮುಂದಿನ ಮುದ್ರಣಕ್ಕೆ ಬರುವಾಗ ಅದನ್ನೇ ಕಿತ್ತುಹಾಕಿದರು. ಆಮೇಲೂ ಸುಮ್ಮನೆ ಕೂರಲಿಲ್ಲ. 1678ರ ಐದನೇ ಮುದ್ರಣದವರೆಗೆ ಸೇರಿಸುತ್ತ, ತೆಗೆಯುತ್ತ, ಒಂದೊಂದು ಪದ ತಿದ್ದುತ್ತ ಹೋದರು, ಕೊನೆಗೆ ನಿಂತದ್ದು 504 ಮಾತು. ಹದಿಮೂರು ವರ್ಷದ ಕೆಲಸ ಸರ್ ಅದು. ನೀವು ನಿಮ್ಮ ಪತ್ರದಲ್ಲಿ ‘ಮೂರು ತಿಂಗಳಲ್ಲಿ ಮುಗಿಸಿದೆ’ ಅಂತ ಖುಷಿಯಿಂದ ಬರೆದಿದ್ದೀರಿ. ಆ ಖುಷಿಯನ್ನು ಹಾಳುಮಾಡುವ ಆಸೆ ನನಗಿಲ್ಲ, ಆದರೆ ಕೆಲಸ ಇನ್ನೂ ಮುಗಿದಿಲ್ಲ.

ಈಗ ಸಾಲುಗಳಿಗೆ ಬರೋಣ.

ಸಾಲು 8: ‘ಯುವಕರು ಕನ್ನಡಿಯನ್ನು ಪ್ರೀತಿಸುತ್ತಾರೆ, ಮುದುಕರು ಕನ್ನಡಿಗೆ ಹೆದರುತ್ತಾರೆ.’ ಓದಿದ ತಕ್ಷಣ ಹೌದು ಅನ್ನಿಸಿತು. ಆಮೇಲೆ ಅದನ್ನು ತಿರುಗಿಸಿ ನೋಡಿದೆ. ‘ಯುವಕರು ಕನ್ನಡಿಗೆ ಹೆದರುತ್ತಾರೆ, ಮುದುಕರು ಕನ್ನಡಿಯನ್ನು ಪ್ರೀತಿಸುತ್ತಾರೆ.’ ಇದೂ ಹೌದು ಅನ್ನಿಸುತ್ತೆ, ಅಲ್ವಾ? ಹದಿನೇಳರ ಹುಡುಗಿ ಮೂಗಿನ ಮೇಲಿನ ಒಂದು ಮೊಡವೆ ನೋಡಿ ಆ ದಿನ ಕಾಲೇಜಿಗೇ ಹೋಗದೆ ಕೂತಿರುವುದನ್ನು ನೀವೂ ನೋಡಿರುತ್ತೀರಿ. ಎಪ್ಪತ್ತೈದರ ಅಜ್ಜ ಸ್ನಾನ ಮಾಡಿ ಬಂದು, ಉಳಿದ ನಾಲ್ಕು ಕೂದಲನ್ನು ನಿಧಾನವಾಗಿ ಬಾಚಿಕೊಂಡು, ಒಂದು ಗಳಿಗೆ ತನ್ನನ್ನೇ ನೋಡಿಕೊಂಡು ನಿಲ್ಲುವುದನ್ನೂ ನೋಡಿರುತ್ತೀರಿ. ತಿರುಗಿಸಿದರೂ ಅಷ್ಟೇ ಚೆಂದ ಕಾಣುವ ಮಾತು ಏನನ್ನೂ ಹೇಳಿಲ್ಲ ಅಂತ ಅರ್ಥ. ಅದರ ಚೆಂದ ತಕ್ಕಡಿಯ ಹಾಗೆ ಎರಡು ಕಡೆ ಸಮ ತೂಗಿಸಿದ್ದರಿಂದ ಬಂದದ್ದು, ಕಂಡದ್ದರಿಂದ ಬಂದದ್ದಲ್ಲ. ನಿಮ್ಮ 140ರಲ್ಲಿ 53 ಸಾಲು ಇಂಥವು. ನಾನು ಒಂದೊಂದನ್ನೂ ತಿರುಗಿಸಿ ನೋಡಿದ್ದೇನೆ. ನೀವೂ ನೋಡಿ, ನನ್ನ ಲೆಕ್ಕ ತಪ್ಪಿದ್ದರೆ ತಿಳಿಸಿ.

ಕನ್ನಡಿಯನ್ನೇ ಹಿಡಿಯಬೇಕು ಅಂತಿದ್ದರೆ ಅದರಲ್ಲಿ ಬೇಕಾದಷ್ಟು ಸರಕಿದೆ. 1977ರಲ್ಲಿ ಅಮೆರಿಕದಲ್ಲಿ ಮೂವರು ಮನಶ್ಶಾಸ್ತ್ರಜ್ಞರು ಒಂದು ಸರಳ ಪರೀಕ್ಷೆ ಮಾಡಿದರು. ಒಬ್ಬರ ಒಂದೇ ಫೋಟೋವನ್ನು ಎರಡು ರೀತಿ ಮುದ್ರಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ. ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ಮುಖವನ್ನೇ ಮೆಚ್ಚಿದರು. ಅವರ ಗೆಳೆಯರು ಇನ್ನೊಂದನ್ನು ಮೆಚ್ಚಿದರು. ಯಾರಿಗೆ ಯಾವುದು ರೂಢಿಯೋ ಅವರಿಗೆ ಅದು ಚೆಂದ. ಇದನ್ನು ಓದಿದಾಗಿನಿಂದ ‘ಈ ಫೋಟೋದಲ್ಲಿ ನಾನು ನನ್ನ ಹಾಗೇ ಇಲ್ಲ’ ಅಂತ ಯಾರಾದರೂ ಮುಖ ಸಿಂಡರಿಸಿದರೆ ನನಗೆ ಅದು ಜಂಭ ಅನ್ನಿಸುವುದಿಲ್ಲ. ಅವರು ನಿಜವನ್ನೇ ಹೇಳುತ್ತಿದ್ದಾರೆ. ಇಷ್ಟು ವರ್ಷ ತಾವು ನೋಡಿಕೊಂಡ ಮುಖ ಊರಿನವರು ಯಾರೂ ನೋಡಿಲ್ಲದ ಮುಖ. ಇಂಥ ಜಾಗದಲ್ಲಿ ನಿಂತುಕೊಂಡು ಒಂದು ಸಾಲು ಬರೆಯಿರಿ ಸರ್, ಅದು ತಿರುಗಿಸಲು ಬರುವುದಿಲ್ಲ.

ಇನ್ನು ದೊಡ್ಡ ಪದಗಳು. ಅಹಂಕಾರ, ಮದ, ಮೋಹ, ಭ್ರಮೆ. ಈ ನಾಲ್ಕು ಪದ ಸೇರಿ 71 ಸಲ ಬಂದಿವೆ. ನಮ್ಮ ಗಾದೆಗಳನ್ನು ನೋಡಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತಿನಲ್ಲಿ ಜಂಭ ಅನ್ನುವ ಪದವೇ ಇಲ್ಲ. ಒಂದು ಮೀಸೆ, ಒಂದಿಷ್ಟು ಮಣ್ಣು. ಅಷ್ಟರಲ್ಲೇ ಆ ಮನುಷ್ಯ ಎದ್ದು ನಿಂತು ಮೀಸೆ ಮುಟ್ಟಿ ನೋಡಿಕೊಳ್ಳುವುದು ಕಣ್ಣಿಗೆ ಕಟ್ಟುತ್ತದೆ. ಮುಪ್ಪಿನ ಬಗ್ಗೆ ಬಸವಣ್ಣನವರ ಒಂದು ವಚನ ಇದೆ, ನಿಮಗೆ ಖಂಡಿತ ಗೊತ್ತಿರುತ್ತದೆ. ನರೆ ಮೊದಲು ಕೆನ್ನೆಗೆ ಇಳಿಯುತ್ತದೆ, ಆಮೇಲೆ ಗಲ್ಲ, ಹಲ್ಲು, ಬೆನ್ನು, ಎದ್ದು ನಿಲ್ಲಲು ಕಾಲಿನ ಮೇಲೆ ಊರುವ ಕೈ. ಮುಪ್ಪು ಅನ್ನುವ ಪದ ಬರುವುದು ಇಷ್ಟೆಲ್ಲ ಆದ ಮೇಲೆ. ಹನ್ನೆರಡನೇ ಶತಮಾನದ ಆ ಕೈ ಇವತ್ತಿಗೂ ಹಾಗೇ ಕಾಲಿನ ಮೇಲೆ ಇದೆ, ಕುರ್ಚಿಯಿಂದ ಏಳುವ ಯಾವ ಹಿರಿಯರನ್ನು ನೋಡಿದರೂ ಕಾಣುತ್ತದೆ. ನಿಮ್ಮ ಸಾಲು 30ರಲ್ಲಿ ‘ಮುಪ್ಪು ದೇಹದ ಸೋಲು, ಅಹಂಕಾರ ಮನಸ್ಸಿನ ಸೋಲು’ ಅಂತಿದೆ. ಇದರಲ್ಲಿ ಕೈಯೂ ಇಲ್ಲ, ಕಾಲೂ ಇಲ್ಲ.

ಈಗ ನಾನು ನಿಜವಾಗಿ ಮಾತಾಡಬೇಕು ಅಂದುಕೊಂಡ ಎರಡು ಸಾಲು.

ಸಾಲು 22: ‘ಮುದುಕರು ಜಾಸ್ತಿ ಮಾತಾಡುತ್ತಾರೆ, ಏಕೆಂದರೆ ತಮಗೆ ಎಲ್ಲ ಗೊತ್ತು ಎಂಬ ಭ್ರಮೆ.’

ಸಾಲು 47: ‘ಕಿವಿ ಮಂದವಾದವರು ಎಲ್ಲರಿಗಿಂತ ಅರ್ಧ ಕ್ಷಣ ತಡವಾಗಿ ನಗುತ್ತಾರೆ. ಬೇರೆಯವರ ಮುಖ ನೋಡಿಕೊಂಡು ನಗಬೇಕಲ್ಲ.’

ಎರಡನೆಯದನ್ನು ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಆ ದಿನ ಮುಂದೆ ಓದಲಿಲ್ಲ.

ನನ್ನ ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಒಪ್ಪಿಕೊಳ್ಳಲು ಮೂರು ವರ್ಷ ಬೇಕಾಯಿತು ಅವಳಿಗೆ. ಅವಳು ಹೇಳುತ್ತಿದ್ದದ್ದು ಒಂದೇ ಮಾತು, ‘ನನಗೆ ಕೇಳುತ್ತೆ, ನೀವು ಸರಿಯಾಗಿ ಮಾತಾಡಲ್ಲ.’ ನಾವು ಅದನ್ನು ಹಟ ಅಂದುಕೊಂಡೆವು. ಅದು ನಿಜ ಅಂತ ತಿಳಿದದ್ದು ಬಹಳ ತಡವಾಗಿ. ವಯಸ್ಸಿನಿಂದ ಕಿವಿ ಹೋಗುವಾಗ ಎಲ್ಲ ದನಿಯೂ ಒಟ್ಟಿಗೆ ಹೋಗುವುದಿಲ್ಲ. ಮೊದಲು ಹೋಗುವುದು ಚೂಪಾದ ಮೇಲಿನ ದನಿ. ಮಾತಿನಲ್ಲಿ ಸ್ವರಗಳು ಗಟ್ಟಿ, ತಗ್ಗಿನ ದನಿ, ಅವು ಕೇಳುತ್ತಲೇ ಇರುತ್ತವೆ. ಸ, ತ, ಕ, ಪ ಇಂಥ ವ್ಯಂಜನಗಳು ತೆಳ್ಳಗೆ, ಅವು ಕಳೆದುಹೋಗುತ್ತವೆ. ಕಾಸು, ತಾಸು, ಪಾಸು ಮೂರೂ ಒಂದೇ ಆಗಿ ಕೇಳುತ್ತವೆ. ಯಾರೋ ಏನೋ ಹೇಳಿದರು ಅಂತ ಗೊತ್ತಾಗುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಜೋರಾಗಿ ಕೂಗಿದರೆ ಕೇಳುತ್ತಿದ್ದ ಸ್ವರಗಳೇ ಇನ್ನಷ್ಟು ಜೋರಾಗುತ್ತವೆ, ಕಳೆದುಹೋದ ಅಕ್ಷರ ವಾಪಸ್ ಬರುವುದು ಕಷ್ಟ. ನಾವು ಕೂಗುತ್ತಿದ್ದೆವು.

ಒಂದು ಸಂಜೆ ಮನೆಯಲ್ಲಿ ಎಂಟು ಹತ್ತು ಜನ ಸೇರಿದ್ದೆವು. ಚಿಕ್ಕಮ್ಮನ ಮಗಳು ತನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ತೀರಿಹೋದ ಸುದ್ದಿಯನ್ನು ದನಿ ತಗ್ಗಿಸಿ ಹೇಳುತ್ತಿದ್ದಳು. ಅದೇ ಹೊತ್ತಿಗೆ ಅಮ್ಮನ ಎದುರಿಗೆ ಕೂತಿದ್ದ ಹುಡುಗ ಮೊಬೈಲಿನಲ್ಲಿ ಏನೋ ನೋಡಿ ನಕ್ಕ. ಅಮ್ಮ ಅವನ ಮುಖ ನೋಡಿದಳು, ತಾನೂ ನಕ್ಕಳು. ಸ್ವಲ್ಪ ಜೋರಾಗಿಯೇ ನಕ್ಕಳು. ಎಲ್ಲರೂ ಮಾತು ನಿಲ್ಲಿಸಿದರು. ನಗು ಅವಳ ಮುಖದ ಮೇಲೆ ಹಾಗೇ ನಿಂತುಬಿಟ್ಟಿತ್ತು, ಕಣ್ಣು ಮಾತ್ರ ಒಬ್ಬೊಬ್ಬರ ಮುಖಕ್ಕೂ ಹೋಗಿ ಬರುತ್ತಿತ್ತು, ಏನು ತಪ್ಪಾಯಿತು ಅಂತ ಹುಡುಕುತ್ತ.

ಅದಾದ ಮೇಲೆ ಅಮ್ಮ ಬದಲಾದಳು. ನಾಲ್ಕು ಜನ ಸೇರಿದ ಕಡೆ ಅವಳೇ ಮಾತು ಶುರು ಮಾಡುತ್ತಿದ್ದಳು, ಬಿಡುತ್ತಲೇ ಇರಲಿಲ್ಲ. ಹಳೆಯ ಕತೆ, ಹೇಳಿದ್ದೇ ಕತೆ. ಬೇರೆಯವರು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು. ಬಂದವರು ಆಚೆ ಹೋಗಿ ‘ವಯಸ್ಸಾಯಿತು, ಮಾತು ಜಾಸ್ತಿ’ ಅನ್ನುತ್ತಿದ್ದರು. ನನಗೂ ಬೇಸರವಾಗುತ್ತಿತ್ತು, ಒಂದೆರಡು ಸಲ ‘ಸಾಕು ಸುಮ್ನಿರಮ್ಮ’ ಅಂತ ಎಲ್ಲರ ಎದುರಿಗೇ ಹೇಳಿದ್ದೇನೆ. ತಾನೇ ಮಾತಾಡುತ್ತಿದ್ದರೆ ಬೇರೆಯವರ ಮಾತು ಕೇಳಿಸಿಕೊಳ್ಳುವ ಕಷ್ಟ ಇರುವುದಿಲ್ಲ, ತಪ್ಪು ಜಾಗದಲ್ಲಿ ನಗುವ ಭಯ ಇರುವುದಿಲ್ಲ, ಅಷ್ಟೇ ಅವಳ ಲೆಕ್ಕ. ಅದು ನನಗೆ ಹೊಳೆದದ್ದು ಅವಳು ಹೋಗಿ ಎಷ್ಟೋ ದಿನದ ಮೇಲೆ.

ಈಗ ನಿಮ್ಮ 22ನೇ ಸಾಲನ್ನು ಮತ್ತೆ ಓದಿ ಸರ್. ಅದಕ್ಕೆ ಉತ್ತರ ನಿಮ್ಮದೇ 47ನೇ ಸಾಲಿನಲ್ಲಿದೆ. ಎರಡನ್ನೂ ನೀವೇ ಬರೆದಿದ್ದೀರಿ, ನಡುವೆ 24 ಸಾಲು ಇವೆ, ಒಂದರ ಕಣ್ಣಿಗೆ ಇನ್ನೊಂದು ಬಿದ್ದೇ ಇಲ್ಲ. 22ರಲ್ಲಿ ನೀವು ದೂರ ನಿಂತು ತೀರ್ಪು ಕೊಟ್ಟಿದ್ದೀರಿ. 47ರಲ್ಲಿ ಹತ್ತಿರ ಕೂತು ನೋಡಿದ್ದೀರಿ. 22 ಕಟುವಾಗಿರುವುದರ ಬಗ್ಗೆ ನನಗೆ ತಕರಾರಿಲ್ಲ. ಕಟುವಾದ ಮಾತು ನಿಜವಾಗಿದ್ದರೆ ಅಚ್ಚಾಗಲಿ. ಅದು ನಿಜವಲ್ಲ ಅನ್ನುವುದೇ ತಕರಾರು. ನೋಡಿದ್ದಕ್ಕಿಂತ ಮುಂಚೆಯೇ ಕಾರಣ ಸಿದ್ಧವಾಗಿತ್ತು. 47ರಲ್ಲೂ ಜಂಭ ಇದೆ ನೋಡಿ, ಕಿವಿ ಕೇಳುವುದಿಲ್ಲ ಅಂತ ತೋರಿಸಿಕೊಳ್ಳಬಾರದು ಅನ್ನುವ ಜಂಭ. ಆದರೆ ಅದನ್ನು ಓದಿ ನಗುವವನಿಗೆ ನಗುತ್ತಲೇ ಗಂಟಲು ಕಟ್ಟುತ್ತದೆ. ಈ ಪುಸ್ತಕ ಆಗುವುದಾದರೆ ಅದು 47ರ ಪುಸ್ತಕ ಆಗಬೇಕು.

ಇನ್ನೊಂದು ಸಾಲು ನನಗೆ ಬಹಳ ಇಷ್ಟವಾಯಿತು. ಸಾಲು 61: ‘ಹಳೆಯ ಸಹಪಾಠಿಗಳು ಸೇರಿದಾಗ ಪ್ರತಿಯೊಬ್ಬರಿಗೂ ಅನ್ನಿಸುವುದು ಒಂದೇ, ಪಾಪ, ಇವರಿಗೆಲ್ಲ ಎಷ್ಟು ವಯಸ್ಸಾಯಿತು.’ ಇದು ಸುಮ್ನೆ ತಮಾಷೆಯ ಮಾತಲ್ಲ. ಡೆನ್ಮಾರ್ಕಿನ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. 40 ದಾಟಿದವರು ಸರಾಸರಿಯಲ್ಲಿ ತಮ್ಮ ವಯಸ್ಸಿಗಿಂತ ಸುಮಾರು ಶೇಕಡ 20ರಷ್ಟು ಚಿಕ್ಕವರು ಅಂದುಕೊಂಡಿರುತ್ತಾರೆ ಅಂತ ಅದರಲ್ಲಿ ಕಂಡುಬಂತು. ಲೆಕ್ಕ ಹಾಕಿ ನೋಡಿ, 64ಕ್ಕೆ 51. ಅಂದರೆ ಆ ಸಹಪಾಠಿಗಳ ಕೋಣೆಯಲ್ಲಿ ಪ್ರತಿಯೊಬ್ಬರೂ ಒಳಗೆ 51, ಸುತ್ತ ಕಾಣುವುದು ಮಾತ್ರ ಬರೀ 64ರವರು. ಎಲ್ಲರೂ ಎಲ್ಲರಿಗೂ ಪಾಪ ಅನ್ನುತ್ತಿದ್ದಾರೆ.

ಇದನ್ನು ಬರೆದವರಿಗೆ ನಾನು ಒಂದು ಮಾತು ಕೇಳಲೇಬೇಕು. ನಿಮ್ಮ ಹಸ್ತಪ್ರತಿಯಲ್ಲಿ ‘ಮುದುಕರು’ ಅನ್ನುವ ಪದ 38 ಸಲ ಬಂದಿದೆ. 38 ಸಲವೂ ಅವರು ಬೇರೆ ಯಾರೋ. ಮುದುಕರು ಮಾತಾಡುತ್ತಾರೆ, ಮುದುಕರು ಹೆದರುತ್ತಾರೆ, ಮುದುಕರು ಹಳೆಯದನ್ನು ಹೊಗಳುತ್ತಾರೆ. ಆ ಮುದುಕರು ಯಾರು ಸರ್? ನಿಮಗಿಂತ ಎಷ್ಟು ದೊಡ್ಡವರು? ಜೊತೆಯ ಪತ್ರದಲ್ಲಿ 64 ಅಂತ ಬರೆದಿರದಿದ್ದರೆ ಇದನ್ನು ಬರೆದವರಿಗೆ ಮೂವತ್ತು ಅಂತ ನಾನು ತಿಳಿಯುತ್ತಿದ್ದೆ. ಇದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಡಿ ದಯವಿಟ್ಟು. ಮೂವತ್ತರವನು ಮುಪ್ಪಿನ ಬಗ್ಗೆ ಊಹೆ ಮಾಡಿ ಬರೆಯಬೇಕು, ಬೇರೆ ದಾರಿಯಿಲ್ಲ ಅವನಿಗೆ. ನೀವು ಅದರ ಬಾಗಿಲಲ್ಲಿ ನಿಂತಿದ್ದೀರಿ. ಪುಸ್ತಕವನ್ನು ಯಾವಾಗಿನಿಂದ ಸ್ವಲ್ಪ ದೂರ ಹಿಡಿದು ಓದಲು ಶುರು ಮಾಡಿದಿರಿ? ಪರಿಚಯದವರ ಹೆಸರು ನಾಲಿಗೆ ತುದಿಗೆ ಬಂದು ನಿಂತಾಗ ಏನು ಮಾಡುತ್ತೀರಿ, ‘ನೀವು’ ಅಂತಲೇ ಮಾತು ಸಾಗಿಸುತ್ತೀರಾ? ನಿವೃತ್ತಿಯಾದ ಮರುದಿನ ಬೆಳಿಗ್ಗೆ ಫೋನ್ ಎಷ್ಟು ಸಲ ನೋಡಿದಿರಿ? ಇವೆಲ್ಲ ನಿಮ್ಮ ಹತ್ತಿರ ಇವೆ. ಅವನ್ನು ಬಿಟ್ಟು ಬೇರೆಯವರ ಮೇಲೆ ಬರೆಯುತ್ತಿದ್ದೀರಿ ಅನ್ನುವುದೇ ನನ್ನ ದೊಡ್ಡ ದೂರು, ಉಳಿದದ್ದೆಲ್ಲ ತಿದ್ದಿದರೆ ಹೋಗುವಂಥದ್ದು.

ಹಾಗಂತ ಎಲ್ಲ ಸಾಲಿನಲ್ಲೂ ‘ನಾನು’ ತುರುಕಬೇಕಾಗಿಲ್ಲ. 47ರಲ್ಲಿ ‘ನಾನು’ ಇಲ್ಲ, ಆದರೂ ನೀವು ಅಲ್ಲೇ ಇದ್ದೀರಿ. ಬಹುಶಃ ನಿಮ್ಮ ಮನೆಯಲ್ಲೂ ಒಬ್ಬರು ಹಾಗೆ ನಗುತ್ತಿದ್ದರು. ಅಥವಾ ನೀವೇ ಒಂದು ಸಲ ಹಾಗೆ ನಕ್ಕಿದ್ದೀರಿ.

ಚಿಕ್ಕ ವಿಷಯಗಳು ಒಂದಿಷ್ಟು ಇವೆ, ಬೇಗ ಹೇಳಿಬಿಡುತ್ತೇನೆ. ‘ಎಲ್ಲರೂ’, ‘ಯಾವಾಗಲೂ’, ‘ಎಂದಿಗೂ’ ಇವನ್ನು ಒಂದೊಂದಾಗಿ ಹುಡುಕಿ, ‘ಹೆಚ್ಚಾಗಿ’, ‘ಬಹಳ ಜನ’ ಅಂತ ಹಾಕಿ ನೋಡಿ. ಮಾತಿನ ಬಿರುಸು ಹೋಗುತ್ತದೆ ಅಂತ ನಿಮಗೆ ಭಯ ಇರಬಹುದು. ಹೋಗುವುದಿಲ್ಲ. ಆ ಫ್ರೆಂಚ್ ಲೇಖಕರು ಪುಸ್ತಕದ ನೆತ್ತಿಯ ಮೇಲಿಟ್ಟ ಮಾತಿನಲ್ಲೇ ‘ಹೆಚ್ಚಿನ ಸಲ’ ಅನ್ನುವ ಪದ ಇದೆ. ‘ಎಲ್ಲರೂ ಸುಳ್ಳರು’ ಅಂದರೆ ಓದುಗ ಜಗಳಕ್ಕೆ ನಿಲ್ಲುತ್ತಾನೆ, ತಾನು ಕಂಡ ಒಬ್ಬ ಸತ್ಯವಂತನನ್ನು ಮುಂದೆ ತಂದು ನಿಲ್ಲಿಸುತ್ತಾನೆ. ‘ಹೆಚ್ಚಾಗಿ’ ಅಂದರೆ ತಾನು ಯಾವ ಕಡೆ ಅಂತ ಯೋಚಿಸುತ್ತಾನೆ. ಸಾಲಿನ ಕೊನೆಯಲ್ಲಿ ಹಾಕಿರುವ ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ತೆಗೆಯಿರಿ, ನಗು ಬರುವ ಜಾಗ ಓದುಗನಿಗೆ ಗೊತ್ತಾಗುತ್ತದೆ. ಹೆಂಡತಿಯರ ಮೇಲಿನ ಏಳು ಸಾಲನ್ನು (88ರಿಂದ 94) ಬಿಟ್ಟುಬಿಡಿ. ಅವುಗಳಲ್ಲಿ ಒಂದೂ ನೀವು ನೋಡಿ ಬರೆದದ್ದಲ್ಲ, ಎಲ್ಲೆಲ್ಲೋ ಕೇಳಿದ ನಗೆಹನಿಗಳು. ಗೆಳೆಯರು ಅವಕ್ಕೇ ಜಾಸ್ತಿ ನಕ್ಕಿರುತ್ತಾರೆ ಅಂತ ನನ್ನ ಊಹೆ. ನಗು ಬಂತು ಅನ್ನುವುದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. 47ಕ್ಕೆ ಗೆಳೆಯರಲ್ಲಿ ಯಾರಾದರೂ ಏನೂ ಹೇಳದೆ ಸುಮ್ಮನಾದರಾ ಅಂತ ನೆನಪು ಮಾಡಿಕೊಳ್ಳಿ, ಆ ಗೆಳೆಯನಿಗೆ ಮುಂದಿನ ಕರಡು ಓದಲು ಕೊಡಿ.

ಮುಂದೆ ಏನು ಮಾಡಬೇಕು ಅಂದರೆ, ನಾನು ಗುರುತು ಹಾಕಿದ 19 ಸಾಲುಗಳ ಪ್ರತಿ ಇದರ ಜೊತೆಗಿದೆ. ಅವಕ್ಕೆ ಇನ್ನೊಂದು ಇಪ್ಪತ್ತು ಇಪ್ಪತ್ತೈದು ಸೇರಿದರೆ ನಮ್ಮ ಪತ್ರಿಕೆಯಲ್ಲಿ ಎರಡು ಕಂತಿನಲ್ಲಿ ಹಾಕುವ ಆಸೆ ನನಗಿದೆ. ಅವಸರ ಬೇಡ. ವಾರಕ್ಕೆ ಒಂದು ಒಳ್ಳೆಯ ಸಾಲು ಬಂದರೆ ಅದೇ ಜಾಸ್ತಿ. ಬಂದ ಸಾಲನ್ನು ಹದಿನೈದು ದಿನ ಮುಚ್ಚಿಟ್ಟು ಆಮೇಲೆ ತಿರುಗಿಸಿ ನೋಡಿ.

ಕೊನೆಗೆ ಒಂದು ವಿಷಯ. ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ನಿಮ್ಮ ಹಸ್ತಪ್ರತಿಯ 17ನೇ ಪುಟದ ಕೆಳಗೆ ಕೈಯಲ್ಲಿ ಬರೆದ ಒಂದು ಸಾಲನ್ನು ನೀವು ಗೀಟು ಎಳೆದು ಹೊಡೆದುಹಾಕಿದ್ದೀರಿ. ಎರಡು ಸಲ ಎಳೆದಿದ್ದೀರಿ, ಆದರೂ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ನಾನು ಓದಿದೆ, ಅದಕ್ಕೆ ಕ್ಷಮೆ ಇರಲಿ. ‘ಮೊದಲ ಸಲ ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಾಗ ನಾನು ಕೂರಲಿಲ್ಲ.’

ಇಡೀ ಹಸ್ತಪ್ರತಿಯಲ್ಲಿ ‘ನಾನು’ ಅನ್ನುವ ಪದ ಇರುವುದು ಅಲ್ಲೊಂದೇ ಕಡೆ. ಅದಕ್ಕೆ ಸಂಖ್ಯೆ ಕೂಡ ಕೊಟ್ಟಿಲ್ಲ ನೀವು. ಗೀಟು ಅಳಿಸಿ ಅದನ್ನು ಮೊದಲನೇ ಸಾಲು ಮಾಡಿ. ಇನ್ನೂ ಎರಡು ಮೂರು ಸಾಲು ಅಲ್ಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಆ ಹುಡುಗಿ ಮತ್ತೆ ಕೂತಳಾ, ಅಥವಾ ಅವಳೂ ನಿಂತೇ ಇದ್ದಳಾ? ಸೀಟು ಖಾಲಿ ಇತ್ತಾ? ನೀವು ಇಳಿಯುವ ಜಾಗ ಇನ್ನೂ ಎಷ್ಟು ದೂರ ಇತ್ತು?

ಬರೆದು ಕಳಿಸಿ ಸರ್. ಕಾಯುತ್ತಿರುತ್ತೇನೆ.